ಸಿಡುಕಪ್ಪನ ಸಿಗ್ನಲ್

ಡ್ರೈವಿಂಗ್ ಮೇಷ್ಟ್ರಿಗೆ ಆಗಾಗ ಕೋಪ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರಬೇಕಾದರೆ ಅದು ಮೊದಲು ಎಲ್ಲಿಗಾದರೂ ಹೋಗಿರಬೇಕು. ಅವರ ಕೋಪ ಎಲ್ಲಿಗೂ ಹೋದದ್ದಿಲ್ಲ. ಮೂಗಿನ ತುದಿಯಲ್ಲೇ ಖಾಯಂ ಬಿಡಾರ ಹೂಡಿಕೊಂಡು ಕೂತಿದೆ. ಬೆಳಿಗ್ಗೆ ಪೇಸ್ಟಿನ ಮುಚ್ಚಳ ಸಿಗದಿದ್ದರೆ ಕೋಪ, ಸಿಕ್ಕರೆ ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿತ್ತು ಎಂದು ಕೋಪ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಯುವವರ ಕಾಲಿಗೊಂದು, ಕಲಿಸುವವರ ಕಾಲಿಗೊಂದು, ಹೀಗೆ ಎರಡು ಬ್ರೇಕ್ ಇರುತ್ತವೆ. ಮೇಷ್ಟ್ರ ಬಾಯಿಗೆ ಒಂದೂ ಇರಲಿಲ್ಲ. ಆದರೂ ಅವರ ಶಿಷ್ಯರು ಗಾಡಿಯನ್ನು ಚೆನ್ನಾಗಿಯೇ ಓಡಿಸುತ್ತಿದ್ದರು. ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಓಡಿಸಿದವರಿಗೆ ಆಮೇಲೆ ಎದುರಿಗೆ ಯಾವ ಲಾರಿ ಬಂದರೂ ಭಯವಾಗುತ್ತಿರಲಿಲ್ಲ.

ಇಂಥ ಮೇಷ್ಟ್ರಿಗೆ ಭಾನುವಾರ ಬೆಳಿಗ್ಗೆ ಸಂಚಾರ ನಿಯಮಗಳ ಆನ್‌ಲೈನ್ ಪಾಠ ವಹಿಸಿಕೊಟ್ಟವರು ಶಾಲೆಯ ಮಾಲೀಕರು. ವಾರವಿಡೀ ಬಿಸಿಲಲ್ಲಿ, ಹೊಗೆಯಲ್ಲಿ ಗಂಟಲು ಹರಿದುಕೊಳ್ಳುವ ಮೇಷ್ಟ್ರಿಗೆ ಆ ಒಂದು ಪಾಠವೇ ಮರ್ಯಾದೆಯ ಕೆಲಸ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತು, 'ವಿದ್ಯಾರ್ಥಿಗಳೇ' ಎಂದು ಶುರು ಮಾಡುವ ಸುಖ ಅವರಿಗೆ ಕಾರಿನಲ್ಲಿ ಎಲ್ಲಿ ಸಿಗಬೇಕು? ಆ ಪಾಠಕ್ಕಾಗಿ ಅವರು ಶನಿವಾರವೇ ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು.

ತೊಂದರೆ ಇದ್ದದ್ದು ಲ್ಯಾಪ್‌ಟಾಪಿನಲ್ಲಿ. ಅದು ಬಹಳ ಹಳೆಯದು. ಒಂದು ಮೂಲೆಗೆ ಟೇಪು ಸುತ್ತಿತ್ತು. ಆನ್ ಮಾಡಿದರೆ ಮೊದಲು ಫ್ಯಾನು ಗೊಣಗುತ್ತಿತ್ತು, ಆಮೇಲೆ ಪರದೆ ಕಣ್ಣು ಬಿಡುತ್ತಿತ್ತು. ಕಳೆದ ಭಾನುವಾರ ಮೇಷ್ಟ್ರು, "ಮುಂದಿನ ಗಾಡಿ ಗಕ್ಕನೆ ನಿಂತುಬಿಟ್ರೆ ನೀವು ತಕ್ಷಣ..." ಎಂದವರು ವಿದ್ಯಾರ್ಥಿಗಳ ಪರದೆಯಲ್ಲಿ ಹಾಗೇ ನಿಂತುಬಿಟ್ಟರು. ಒಂದು ಕಣ್ಣು ಅರ್ಧ ಮುಚ್ಚಿತ್ತು, ಬಾಯಿ ತೆರೆದಿತ್ತು, ತೋರುಬೆರಳು ಮೂಗಿನ ಹತ್ತಿರ ಬಂದು ನಿಂತಿತ್ತು. ಗಾಡಿ ನಿಂತರೆ ತಕ್ಷಣ ಏನು ಮಾಡಬೇಕೆಂದು ತಿಳಿಯದೆ ವಿದ್ಯಾರ್ಥಿಗಳು ಕಾದು ಕಾದು, ಬೇರೇನೂ ತೋಚದೆ ಫೋಟೋ ತೆಗೆದುಕೊಂಡರು.

ಆ ಫೋಟೋ ಮಾರನೆಯ ದಿನ ಮಾಲೀಕರ ಫೋನಿನಿಂದ ಮೇಷ್ಟ್ರ ಮುಖದ ಮುಂದೆ ಬಂತು.

"ಇದೇನು ಮೇಷ್ಟ್ರೇ ಇದು?"

"ನಾನು ಸಾರ್."

"ನೀವು ಅಂತ ನಂಗೂ ಗೊತ್ತು. ಶಾಲೆ ಮಾನ ಹೋಯ್ತು ರೀ. ಈ ಭಾನುವಾರ ಹೊಸ ಬ್ಯಾಚು, ನಾನೇ ಕೂತು ನೋಡ್ತೀನಿ. ಒಂದೇ ಒಂದು ಸಲ ಹ್ಯಾಂಗ್ ಆಗ್ಲಿ, ಕ್ಲಾಸು ನನ್ನ ಭಾವಮೈದುನಂಗೆ. ಅವನ ಹತ್ರ ಹೊಸಾ ಲ್ಯಾಪ್‌ಟಾಪ್ ಇದೆ."

ಮಾಲೀಕರ ಭಾವಮೈದುನನಿಗೆ ರಿವರ್ಸ್ ಗೇರ್ ಹಾಕಲು ಬರುವುದಿಲ್ಲ ಎಂಬುದು ಇಡೀ ಶಾಲೆಗೆ ಗೊತ್ತಿತ್ತು. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವರೇ ಚಪ್ಪಲಿಯನ್ನು ಒಂದು ಆ ಗೋಡೆಗೆ, ಒಂದು ಈ ಗೋಡೆಗೆ ಎಸೆದರು. ಹೆಂಡತಿ ಒಳಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೆಲಸದಲ್ಲಿದ್ದಳು. ಒಂದು ದೊಡ್ಡ ಆಸ್ಪತ್ರೆಗೆ ಫೋನ್ ಮಾಡುವವರಿಗೆ ಯಾವ ಡಾಕ್ಟರು ಯಾವಾಗ ಸಿಗುತ್ತಾರೆಂದು ಮನೆಯಿಂದಲೇ ಹೇಳಿ ಸಮಯ ಗೊತ್ತು ಮಾಡಿಕೊಡುವುದು ಅವಳ ಕೆಲಸ. ಗಂಡನ ಗಲಾಟೆ ಕೇಳಿ ಹೆಡ್‌ಫೋನಿನ ಒಂದು ಕಿವಿ ಎತ್ತಿ, "ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂದ್ರೆ ಕೇಳಲ್ಲ" ಎಂದಳು.

"ಹೊಸದಂತೆ ಹೊಸದು! ಹಳೇದಾಯ್ತು ಅಂತ ಬಿಸಾಕೋ ವಂಶ ಅಲ್ಲ ನಮ್ಮದು!" ಎಂದು ಮೇಷ್ಟ್ರು ಜೇಬಿನಿಂದ ತಮ್ಮ ಗುಂಡಿ ಒತ್ತುವ ಹಳೇ ಫೋನನ್ನು ತೆಗೆದು ಸಾಕ್ಷಿಯಾಗಿ ಮೇಜಿನ ಮೇಲೆ ಕುಕ್ಕಿದರು. ಹೆಂಡತಿ ಎತ್ತಿದ್ದ ಕಿವಿಯನ್ನು ಮತ್ತೆ ಮುಚ್ಚಿಕೊಂಡಳು.

ಕಂಪ್ಯೂಟರ್ ಅಂಗಡಿಯವನು ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿ, ರೋಗ ಹಳೆಯದು ಎನ್ನುವ ಮುಖ ಮಾಡಿದ. "ಇದರ ಒಳಗಿರೋ ವೈಫೈ ಕಾರ್ಡ್ ಹಳೇ ಕಾಲದ್ದು ಸಾರ್. ಈಗ ಬರೋ ಸ್ಪೀಡ್ ಸಿಗ್ನಲ್ ಇದರ ಕಣ್ಣಿಗೆ ಕಾಣ್ಸೋದೇ ಇಲ್ಲ. ಹೊಸಾ ಕಾರ್ಡ್ ಹಾಕಿದ್ರೆ ಓಡುತ್ತೆ. ಬಿಟ್ಟೋಗಿ, ಸಂಜೆ ಬನ್ನಿ."

"ಬಿಟ್ಟೋಗೋದಾ? ಇಂಜಿನ್ ಬಿಚ್ಚಿರೋ ಕೈ ಕಣಯ್ಯ ಇದು! ಕಾರ್ಡ್ ಕೊಡು, ನಾನೇ ಹಾಕ್ಕೋತೀನಿ."

ಇಂಜಿನ್ ಬಿಚ್ಚಿದ್ದು ನಿಜವೇ. ಅದನ್ನು ಮತ್ತೆ ಜೋಡಿಸಿದವರು ಬೇರೆ. ಅದನ್ನು ಅಂಗಡಿಯವನಿಗೆ ಹೇಳುವ ಅಗತ್ಯ ಮೇಷ್ಟ್ರಿಗೆ ಕಾಣಲಿಲ್ಲ.

"ಕರೀ ವೈರ್ ಒಂದು, ಬಿಳೀ ವೈರ್ ಒಂದು ಇರುತ್ತೆ ಸಾರ್. ಹಳೇದ್ರಿಂದ ಮೆಲ್ಲಗೆ ಎತ್ತಿ ಹೊಸದಕ್ಕೆ ಕೂರಿಸ್ಬೇಕು. ಗುದ್ಬೇಡಿ. ಆಮೇಲೆ ಹೊಸ ಸಿಗ್ನಲ್ ಯಾವ್ದು ನೋಡಿ ಅದಕ್ಕೆ ಹಾಕ್ಕೊಳ್ಳಿ. ಅಕ್ಕಪಕ್ಕದ ಸಿಗ್ನಲ್ ಜಾಸ್ತಿ ನುಗ್ಗಿದ್ರೆ ಒಂದೊಂದ್ಸಲ ನಿಮ್ದು ಸ್ಲೋ ಆಗುತ್ತೆ."

ಇಷ್ಟು ಮಾತಿನಲ್ಲಿ ಮೇಷ್ಟ್ರ ತಲೆಗೆ ಹೊಕ್ಕಿದ್ದು ಕೊನೆಯದೊಂದೇ. ಯಾರ ಮೇಲೆ ತಪ್ಪು ಹೊರಿಸಬಹುದು ಎಂಬ ಮಾತು ಅವರಿಗೆ ಯಾವತ್ತೂ ಬೇಗ ಅರ್ಥವಾಗುತ್ತದೆ.

ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಅಂಗಾತ ಮಲಗಿತು. ಈ ಸ್ಕ್ರೂ ಎಂಬ ಪದಾರ್ಥದ ಬಗ್ಗೆ ಒಂದು ಮಾತು ಹೇಳಲೇಬೇಕು. ಬಿಚ್ಚುವ ತನಕ ಅದು ಬೆಟ್ಟದಷ್ಟು ಗಟ್ಟಿ. ಬಿಚ್ಚಿದ ಮರುಗಳಿಗೆ ಸಾಸಿವೆಯಷ್ಟಾಗಿ ಎಲ್ಲೋ ಉರುಳಿಹೋಗುತ್ತದೆ. ಮೇಷ್ಟ್ರು ಒಂದೊಂದು ಸ್ಕ್ರೂಗೂ ಒಂದೊಂದು ಬೈಗುಳ ಕೊಟ್ಟು ಬಿಚ್ಚಿದರು. ಹೊಸ ಕಾರ್ಡನ್ನು ಜಾಗಕ್ಕೆ ಕೂರಿಸಿದ್ದೂ ಆಯಿತು. ಆದರೆ ಎಳ್ಳಿನಷ್ಟು ಚಿಕ್ಕ ಗುಂಡಿಯ ಮೇಲೆ ಕೂರಬೇಕಾದ ಆ ಕರೀ ವೈರು ಮತ್ತು ಬಿಳೀ ವೈರು ಮೇಷ್ಟ್ರ ದಪ್ಪ ಬೆರಳಿನಿಂದ ಜಾರಿ ಜಾರಿ ಎದ್ದುಬಿಡುತ್ತಿದ್ದವು. ಮೇಷ್ಟ್ರು ಕೂಗಾಡಿದ ಅಬ್ಬರಕ್ಕೆ ಎದುರುಮನೆಯ ಹಲ್ಲಿನ ಡಾಕ್ಟರಮ್ಮ ಬಾಗಿಲು ತೆರೆದು ಇಣುಕಿದರು.

"ಯಾರಿಗೆ ಏನಾಯ್ತು?"

"ಎರಡು ವೈರ್ ಡಾಕ್ಟ್ರೇ! ಎರಡೇ ಎರಡು ವೈರ್! ನನ್ನ ಮಾತೇ ಕೇಳ್ತಿಲ್ಲ!"

ಡಾಕ್ಟರಮ್ಮ ಒಳಗೆ ಹೋಗಿ ಹಣೆಗೆ ದೀಪ ಕಟ್ಟಿಕೊಂಡು, ಸಣ್ಣ ಚಿಮ್ಮಟ ಹಿಡಿದು ಬಂದರು. ಲ್ಯಾಪ್‌ಟಾಪಿನ ಮೇಲೆ ಬಗ್ಗಿ, ಅಭ್ಯಾಸಬಲದಿಂದ "ಸ್ವಲ್ಪ ಅಗಲ ತೆಗೀರಿ" ಎಂದರು. ಮೇಷ್ಟ್ರು ಬಾಯಿ ತೆರೆದರು. "ನೀವಲ್ಲ, ಆ ಮುಚ್ಚಳ" ಎಂದ ಡಾಕ್ಟರಮ್ಮ ಟಕ್ ಟಕ್ ಎಂದು ಎರಡೂ ವೈರನ್ನು ಕೂರಿಸಿದರು. ಎಲ್ಲ ಮುಚ್ಚಿ ಮುಗಿಸಿದ ಮೇಲೆ ಮೇಜಿನ ಮೇಲೆ ಒಂದು ಸ್ಕ್ರೂ ಉಳಿದಿತ್ತು. "ಕಂಪನಿಯವರು ಹೆಚ್ಚಿಗೇ ಹಾಕಿರ್ತಾರೆ" ಎಂದು ಮೇಷ್ಟ್ರು ಅದನ್ನು ಜೇಬಿಗೆ ಹಾಕಿಕೊಂಡರು.

ಲ್ಯಾಪ್‌ಟಾಪ್ ಗೊಣಗಿತು, ಕಣ್ಣು ಬಿಟ್ಟಿತು. ಇಷ್ಟು ವರ್ಷ ಮೇಷ್ಟ್ರಿಗೆ ಕಾಣಿಸುತ್ತಿದ್ದ ವೈಫೈ ಹೆಸರುಗಳು ನಾಲ್ಕಾರು. ಈಗ ಪರದೆಯಲ್ಲಿ ಹೆಸರುಗಳ ಮೆರವಣಿಗೆಯೇ ಹೊರಟಿತು. ಕೆಳಗಿನ ಮನೆಯವರದು, ಮೇಲಿನ ಮನೆಯವರದು, ಪಕ್ಕದ ಕಟ್ಟಡದ ಯಾರಯಾರದೋ. ಎಲ್ಲಕ್ಕಿಂತ ಮೇಲೆ, ತುಂಬು ಸಿಗ್ನಲ್ಲಿನಲ್ಲಿ ಒಂದು ಹೆಸರು ಬೆಳಗುತ್ತಿತ್ತು: ಸಿಡುಕಪ್ಪ.

ಮೇಷ್ಟ್ರಿಗೆ ಬಹಳ ದಿನದ ಮೇಲೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೋಡಿ ಡಾಕ್ಟ್ರೇ, ನಮ್ಮ ಬಿಲ್ಡಿಂಗಲ್ಲಿ ಯಾರೋ ಸಿಡುಕಪ್ಪ ಇದ್ದಾನಂತೆ! ಪಾಪ, ಯಾವನೋ ಏನೋ! ಅವನ ಹೆಂಡ್ತಿ ಗತಿ ಏನು ಅಂತೀನಿ!"

ಡಾಕ್ಟರಮ್ಮ ಹಣೆಯ ದೀಪ ಆರಿಸಿದರು. "ನಂಗೆ ಪೇಷಂಟ್ ಬರ್ತಾರೆ" ಎಂದು ಎದ್ದರು. ಅವತ್ತು ಕ್ಲಿನಿಕ್ಕಿಗೆ ರಜಾ ಇತ್ತು.

ಮೇಷ್ಟ್ರು ಹೆಂಡತಿಯನ್ನು ಕರೆದು ತೋರಿಸಿದರು. ಅವಳು ಪರದೆ ನೋಡಿದಳು, ಗಂಡನ ಮುಖ ನೋಡಿದಳು, "ಒಲೆ ಮೇಲೆ ಹಾಲಿದೆ" ಎಂದು ಹೊರಟುಹೋದಳು. ಸಂಜೆ ಮೆಟ್ಟಿಲ ಬಳಿ ಮೇಲಿನ ಮಹಡಿಯ ಕಾರ್ಯದರ್ಶಿಗಳು ಸಿಕ್ಕರು. ಕಟ್ಟಡದ ನಿವಾಸಿಗಳ ಸಂಘಕ್ಕೆ ಅವರೇ ಕಾರ್ಯದರ್ಶಿ. ನಿದ್ದೆಗಣ್ಣಿನಲ್ಲಿ ಕೇಳಿದರೂ ಅವರು ನಿಯಮಾವಳಿಯ ಭಾಷೆಯಲ್ಲೇ ಉತ್ತರ ಕೊಡುತ್ತಾರೆ. ಸಿಡುಕಪ್ಪ ಯಾರೆಂದು ಕೇಳಿದ್ದಕ್ಕೆ ಅವರು ಕನ್ನಡಕ ಒರೆಸುತ್ತಾ, "ಸದಸ್ಯರ ಸ್ವಭಾವದ ಕುರಿತು ಸಂಘ ಇದುವರೆಗೆ ಯಾವ ನಿಲುವನ್ನೂ ತಳೆದಿಲ್ಲ" ಎಂದು ಇಳಿದುಹೋದರು.

ನಗು ಅಲ್ಲಿಗೇ ಮುಗಿಯಿತು, ಏಕೆಂದರೆ ನೆಟ್ಟು ಮೊದಲಿನಷ್ಟೇ ನಿಧಾನವಾಗಿತ್ತು. ಲ್ಯಾಪ್‌ಟಾಪ್ ತನ್ನ ಹಳೇ ಚಟದಂತೆ ಮನೆಯ ಹಳೇ ಹೆಸರಿನ ವೈಫೈಗೇ ಹೋಗಿ ಅಂಟಿಕೊಂಡಿತ್ತು. ಪರದೆಯ ನಡುವೆ ಅದೇ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಮೇಷ್ಟ್ರಿಗೆ ಅಂಗಡಿಯವನ ಮಾತು ನೆನಪಾಯಿತು. ಹಾಗಾದರೆ ನುಗ್ಗುತ್ತಿರುವವನು ಈ ಸಿಡುಕಪ್ಪನೇ! ಮೈತುಂಬ ಸಿಗ್ನಲ್ ಇಟ್ಟುಕೊಂಡು ಬಡವರ ನೆಟ್ಟಿನ ಮೇಲೆ ಬಿದ್ದಿದ್ದಾನೆ. ಭಾನುವಾರ ಪಾಠ ಶುರುವಾಗುವುದರೊಳಗೆ ಅವನನ್ನು ಹಿಡಿದು ಬಂದ್ ಮಾಡಿಸದಿದ್ದರೆ ಕ್ಲಾಸು ಆ ರಿವರ್ಸ್ ಬಾರದವನ ಪಾಲು. ಮೇಷ್ಟ್ರು ಹಲ್ಲು ಕಡಿದರು.

ಬೆಳಿಗ್ಗೆ ಎದ್ದವರೇ ನೇರವಾಗಿ ಗೇಟಿನ ವಾಚ್‌ಮನ್ ಹತ್ತಿರ ಹೋದರು.

"ನೋಡಯ್ಯ, ಈ ಬಿಲ್ಡಿಂಗಲ್ಲಿ ಸಿಡುಕಪ್ಪ ಅಂದ್ರೆ ಯಾರು?"

ವಾಚ್‌ಮನ್ ಎದ್ದು ನಿಂತು ಹಲ್ಲು ಕಿರಿದ. "ಬೆಳಬೆಳಿಗ್ಗೆ ತಮಾಷೆ ಮಾಡ್ತೀರಾ ಸಾರ್?"

"ನಾನು ತಮಾಷೆ ಮಾಡೋನ ಥರ ಕಾಣ್ತೀನಾ?"

"ಇಲ್ಲ ಸಾರ್" ಎಂದು ವಾಚ್‌ಮನ್ ಪ್ರಾಮಾಣಿಕವಾಗಿ ಒಪ್ಪಿಕೊಂಡ. "ಮೂರನೇ ಮಹಡಿ ಸಾರ್. ಪಾರ್ಸಲ್‌ನವರೂ ಹಾಗೇ ಕೇಳ್ಕೊಂಡು ಬರ್ತಾರೆ."

"ಮೂರನೇ ಮಹಡೀಲಿ ಇರೋದೇ ಎರಡು ಮನೆ. ನಂದೊಂದು, ಡಾಕ್ಟರಮ್ಮಂದೊಂದು. ಡಾಕ್ಟರಮ್ಮ ಒಬ್ರೇ ಇರೋದು. ಅವರು ಅಪ್ಪ ಹೇಗಾಗ್ತಾರೆ?"

"ಅದನ್ನೇ ಸಾರ್ ನಾನೂ ಹೇಳ್ತಿರೋದು."

ಮೇಷ್ಟ್ರು ಯೋಚಿಸಿದರು. ಎರಡು ಮನೆ. ಅದರಲ್ಲಿ ಡಾಕ್ಟರಮ್ಮನನ್ನು ಕಳೆದರೆ ಉಳಿಯುವುದು ಒಂದು. ವಾಚ್‌ಮನ್ ಮೆಲ್ಲಗೆ ಕುರ್ಚಿಯನ್ನು ತನ್ನ ಮತ್ತು ಮೇಷ್ಟ್ರ ನಡುವೆ ಎಳೆದುಕೊಂಡ. ಲೆಕ್ಕ ಮುಗಿಯಿತು. ಆಮೇಲೆ ಮೇಷ್ಟ್ರ ಬಾಯಿಂದ ಹೊರಟ ಸದ್ದಿಗೆ ಎದುರುಸಾಲಿನಲ್ಲಿ ನಿಲ್ಲಿಸಿದ್ದ ಕಾರೊಂದು ತನ್ನಷ್ಟಕ್ಕೆ ಪೀಂ ಪೀಂ ಎಂದು ಅರಚಿಕೊಂಡಿತು.

"ನಾನು ಸಿಡುಕಪ್ಪನಾ? ನಾನಾ? ಯಾವನೋ ಅವನು ನನ್ನ ಹೆಸರಿಟ್ಕೊಂಡು ನನ್ನ ನೆಟ್ಟನ್ನೇ ತಿಂತಿರೋನು? ಇವತ್ತು ಅವನ ಜನ್ಮ ಜಾಲಾಡಿಸ್ತೀನಿ!"

ಲ್ಯಾಪ್‌ಟಾಪನ್ನು ತೆರೆದು ಎಡಗೈ ಮೇಲೆ ತಟ್ಟೆಯ ಹಾಗೆ ಇಟ್ಟುಕೊಂಡು ಮೇಷ್ಟ್ರು ಬೇಟೆಗೆ ಹೊರಟರು. ಸಿಗ್ನಲ್ ಎಲ್ಲಿ ಹೆಚ್ಚೋ ಅಲ್ಲೇ ಕಳ್ಳ. ಎಲ್ಲಿ ಕಡಿಮೆಯೋ ಅಲ್ಲಿ ಇಲ್ಲ. ಇಷ್ಟರವರೆಗೆ ಅವರ ತರ್ಕ ಸರಿಯಾಗಿಯೇ ಇತ್ತು. ಆದರೆ ಕೋಪ ನೆತ್ತಿಗೇರಿದವರಿಗೆ ಸರಿಯಾದ ತರ್ಕ ಸಾಲುವುದಿಲ್ಲ.

ಮೊದಲು ಡಾಕ್ಟರಮ್ಮನ ಬಾಗಿಲು. ಬೆಲ್ ಒತ್ತಿ ಒಳಗೆ ಕಾಲಿಟ್ಟದ್ದೇ ತಡ, ಸಿಡುಕಪ್ಪನ ಸಿಗ್ನಲ್ ಒಂದು ಗೆರೆ ಇಳಿಯಿತು.

"ಹಾ! ಇಳಿಸಿಬಿಟ್ರಿ! ನಾನು ಬರ್ತಿದ್ದ ಹಾಗೇ ಕಡಿಮೆ ಮಾಡಿಬಿಟ್ರಿ!"

"ಏನನ್ನ?"

"ಸಿಗ್ನಲ್ಲನ್ನ! ಬೆಲ್ ಕೇಳಿ ಓಡಿಹೋಗಿ ತಿರುಗಿಸಿದ್ದೀರಿ!"

"ಮೇಷ್ಟ್ರೇ, ನಾನು ಸ್ನಾನದಿಂದ ಈಗ ತಾನೇ ಬರ್ತಿದ್ದೀನಿ. ತಲೆ ನೋಡಿ, ನೀರು ಸೋರ್ತಿದೆ."

"ಕಳ್ಳತನಕ್ಕೆ ಒದ್ದೆ ತಲೆ ಅಡ್ಡ ಬರುತ್ತಾ?"

ಡಾಕ್ಟರಮ್ಮ ಬಾಗಿಲು ಹಾಕಿಕೊಂಡರು. ಮೇಲಿನ ಮಹಡಿಗೆ ಹತ್ತಿದಾಗ ಸಿಗ್ನಲ್ ಇನ್ನೂ ಎರಡು ಗೆರೆ ಇಳಿಯಿತು. ಕಾರ್ಯದರ್ಶಿಗಳು ಪೇಪರ್ ಹಿಡಿದೇ ಬಾಗಿಲಿಗೆ ಬಂದರು.

"ನೀವೂ ಇಳಿಸಿದ್ರಾ ಸ್ವಾಮಿ? ಎಲ್ಲಾರೂ ಮಾತಾಡ್ಕೊಂಡೇ ಮಾಡ್ತಿದ್ದೀರಾ?"

"ಆರೋಪವನ್ನು ಲಿಖಿತವಾಗಿ ಕೊಡಬೇಕು."

"ನಿಮ್ಮ ಹಣೆ ಮೇಲೆ ಬರ್ದು ಕೊಡ್ಲಾ?"

ಕಾರ್ಯದರ್ಶಿಗಳಿಗೂ ಕೋಪ ಬಂತು. ಇಷ್ಟು ವರ್ಷ ನಿಯಮಾವಳಿಯ ಕೆಳಗೆ ಮುಚ್ಚಿಟ್ಟಿದ್ದ ಕೋಪ ಅದು. ಎರಡನೇ ಮಹಡಿಯಲ್ಲಿ ಹೊಸದಾಗಿ ಬಂದ ದಂಪತಿಗಳಿದ್ದರು. ಅಲ್ಲೂ ಸಿಗ್ನಲ್ ಇಳಿಯಿತು. ಅವರನ್ನೂ ಮೇಷ್ಟ್ರು ಬಿಡಲಿಲ್ಲ. ಗಂಡ ಪೆಚ್ಚಾಗಿ ನಿಂತ. ಹೆಂಡತಿ, "ಅಂಕಲ್, ಅದು ನಿಮ್ಮ ನಿಜವಾದ ಹೆಸರು ಅಂದ್ಕೊಂಡಿದ್ವಿ. ಮೊನ್ನೆ ಕೊರಿಯರ್‌ನವನಿಗೂ ಹಾಗೇ ಹೇಳಿ ಕಳಿಸಿದ್ವಿ" ಎಂದಳು. ಮೇಷ್ಟ್ರು ಕೂಗಿದ ಕೂಗಿಗೆ ಕೆಳಮಹಡಿಯಿಂದ ಮೇಲ್ಮಹಡಿಯವರೆಗೆ ಬಾಗಿಲುಗಳು ತೆರೆದುಕೊಂಡವು.

ಕೊನೆಗೆ ಕಾರ್ಯದರ್ಶಿಗಳು ಇಡೀ ಕಟ್ಟಡವನ್ನು ಕೆಳಗಿನ ಪಾರ್ಕಿಂಗಿನಲ್ಲಿ ಸೇರಿಸಿದರು. ಅದು ನೆಲಮಾಳಿಗೆ, ಸುತ್ತ ದಪ್ಪ ಗೋಡೆ. ಅಲ್ಲಿಗೆ ಇಳಿದಾಗ ಸಿಡುಕಪ್ಪನ ಹೆಸರು ಪರದೆಯಿಂದಲೇ ಮಾಯವಾಯಿತು. ಅಷ್ಟೇಕೆ, ಎಲ್ಲರ ಹೆಸರೂ ಮಾಯವಾಗಿತ್ತು. ಅದನ್ನು ಗಮನಿಸುವ ತಾಳ್ಮೆ ಯಾರಿಗಿತ್ತು?

"ನೋಡಿ, ನೋಡಿ!" ಎಂದು ಮೇಷ್ಟ್ರು ಒಂದು ಸ್ಕೂಟರಿನ ಸೀಟನ್ನು ಗುದ್ದಿದರು. "ಎಲ್ಲಾರೂ ಇಲ್ಲಿದ್ದೀರಿ, ಸಿಡುಕಪ್ಪ ಇಲ್ಲ! ಅಂದ್ರೆ ಏನರ್ಥ? ಅವನನ್ನ ಆರಿಸಿ ಬಂದೋರು ಇಲ್ಲೇ ಇದ್ದೀರಿ ಅಂತ! ಯಾರು ಅಂತ ಈಗ್ಲೇ ಒಪ್ಕೊಳ್ಳಿ!"

ಗದ್ದಲ ಎದ್ದಿತು. ನೀವು ಸಿಡುಕುವುದು ಸುಳ್ಳೇ ಎಂದು ಒಬ್ಬರು, ನನ್ನ ಗಾಡಿಯನ್ನು ಗುದ್ದಿದ್ದೇಕೆ ಎಂದು ಇನ್ನೊಬ್ಬರು. ಕಾರ್ಯದರ್ಶಿಗಳು, "ಒಬ್ಬೊಬ್ಬರಾಗಿ! ಒಬ್ಬೊಬ್ಬರಾಗಿ!" ಎಂದು ಎಲ್ಲರಿಗಿಂತ ಜೋರಾಗಿ ಕಿರುಚಿದರು. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದಿದ್ದ ಡಾಕ್ಟರಮ್ಮ ಮುಂದೆ ಬಂದು, "ಮೇಷ್ಟ್ರೇ, ನಿನ್ನೆ ನಿಮ್ಮ ಊಟದ ಮೇಜಿನ ಮೇಲೆ ಆ ಸಿಗ್ನಲ್ ತುಂಬಾ ಇತ್ತಲ್ವಾ? ಅಲ್ಲಿ ಹೋಗಿ ನೋಡೋಣ ಬನ್ನಿ" ಎಂದರು. ಅಷ್ಟರಲ್ಲಿ ಪಾಠದ ಹೊತ್ತೂ ಹತ್ತಿರ ಬಂದಿತ್ತು. ಮೇಷ್ಟ್ರು ಲ್ಯಾಪ್‌ಟಾಪ್ ಹಿಡಿದು ಮುಂದೆ, ಇಡೀ ಕಟ್ಟಡ ಹಿಂದೆ, ಎಲ್ಲರೂ ಮೆಟ್ಟಿಲು ಹತ್ತತೊಡಗಿದರು.

ಒಂದೊಂದು ಮಹಡಿಗೂ ಗೆರೆ ಏರಿತು. ಮೇಷ್ಟ್ರ ಬಾಗಿಲಲ್ಲಿ ಸಿಗ್ನಲ್ ತುಂಬಿ ತುಳುಕಿತು. ಮೇಷ್ಟ್ರು ಬಾಗಿಲಲ್ಲೇ ನಿಂತು, ತುಟಿಯ ಮೇಲೆ ಬೆರಳಿಟ್ಟು, ಜನ್ಮದಲ್ಲೇ ಮೊದಲ ಸಲ ಪಿಸುಗುಟ್ಟಿದರು.

"ಕಳ್ಳ ನಮ್ಮನೆ ಒಳಗೇ ಅಡಗಿದ್ದಾನೆ!"

ಮಂಚದ ಕೆಳಗೆ ಬಗ್ಗಿದರು. ಬೀರು ತೆರೆದು ಸೀರೆಗಳ ಹಿಂದೆ ಕೈಯಾಡಿಸಿದರು. ಸ್ನಾನದ ಮನೆಯ ಬಾಗಿಲನ್ನು ಒದ್ದರು. ಕಾರ್ಯದರ್ಶಿಗಳು ಕಿಟಕಿ ಪರದೆಯ ಹಿಂದೆ ಇಣುಕಿದರು. ಎರಡನೇ ಮಹಡಿಯ ಹೊಸ ಗಂಡ ಏಕೋ ಏನೋ ಫ್ರಿಜ್ ತೆರೆದು ನೋಡಿದ. ಒಳಕೋಣೆಯಿಂದ ಹೆಡ್‌ಫೋನ್ ಕೊರಳಿಗೆ ಇಳಿಬಿಟ್ಟುಕೊಂಡು ಬಂದ ಹೆಂಡತಿ ಇದನ್ನೆಲ್ಲ ನೋಡುತ್ತಾ ನಿಂತಳು. ಅವಳ ಮುಖ ಕೆಂಪಾಗಿತ್ತು.

"ಅಲ್ಲೆಲ್ಲಾ ಹುಡುಕ್ಬೇಡಿ" ಎಂದಳು. "ನಾನೇ."

"ನೀನೇ ಅಂದ್ರೆ?"

"ಆ ಹೆಸರಿಟ್ಟಿದ್ದು ನಾನೇ ಅಂತ. ಅಲ್ಲಿ ಶೆಲ್ಫ್ ಮೇಲಿದೆಯಲ್ಲ ವೈಫೈ ಬಾಕ್ಸು, ಅದ್ರಿಂದ ಎರಡು ಸಿಗ್ನಲ್ ಬರುತ್ತೆ. ಒಂದು ನಿಧಾನದ್ದು, ಒಂದು ಜೋರಿಂದು. ಜೋರಿನದ್ದು ನಿಮ್ಮ ಹಳೇ ಡಬ್ಬಕ್ಕೆ ಕಾಣ್ತಿರ್ಲಿಲ್ಲ. ನೆಟ್ ಹಾಕೋಕೆ ಬಂದೋರು ಅದಕ್ಕೇನು ಹೆಸರಿಡ್ಲಿ ಮೇಡಂ ಅಂತ ಕೇಳಿದ್ರು. ಚಪ್ಪಲಿ ಅಡ್ಡ ಬಿಟ್ಟಿದ್ದಕ್ಕೆ ನೀವು ಅವರಿಗೆ ಆಗ ತಾನೇ ಬಾಯಿಗೆ ಬಂದ ಹಾಗೆ ಬೈದು ಕೆಲಸಕ್ಕೆ ಹೋಗಿದ್ರಿ. ಬಾಯಿಗೆ ಬಂದಿದ್ದನ್ನ ನಾನೂ ಹೇಳ್ದೆ."

ಮೇಷ್ಟ್ರು ಬಾಯಿ ತೆರೆದರು.

"ಮುಚ್ಚಿ!" ಎಂದಳು ಹೆಂಡತಿ. ಅವಳ ದನಿ ಅಷ್ಟು ದೊಡ್ಡದು ಎಂದು ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಇವತ್ತು ನಾನು ಮಾತಾಡ್ತೀನಿ. ನಿಮ್ಮ ಎದುರಿಗೆ ಒಂದು ಮಾತು ಹೇಳೋಣ ಅಂತ ಬಾಯಿ ತೆಗೆದ್ರೆ ನಿಮ್ಮ ಗಂಟಲು ಅದರ ಮೇಲೆ ಹತ್ತಿ ಕೂರುತ್ತೆ. ಇನ್ನೆಲ್ಲಿ ಹೇಳ್ಲಿ ನಾನು? ಗಾಳೀಲಿ ಬರೆದೆ. ಬಿಲ್ಡಿಂಗೆಲ್ಲಾ ಓದ್ತು, ನೀವೊಬ್ರು ಓದ್ಲಿಲ್ಲ. ಮೊನ್ನೆ ಒಬ್ರು ಪೇಷಂಟು ಫೋನಲ್ಲೇ ಕೇಳಿದ್ರು, ಏನು ಮೇಡಂ, ಹಿಂದೆ ಯಾರೋ ಹಾಗೆ ಕಿರುಚ್ತಿದಾರೆ, ನಿಮ್ಮ ಆಸ್ಪತ್ರೇಲಿ ಇಂಜೆಕ್ಷನ್ ಕೊಡದೇ ಆಪರೇಷನ್ ಮಾಡ್ತೀರಾ ಅಂತ. ಡಾಕ್ಟರೇ ಬೇಡ ಅಂತ ಫೋನ್ ಇಟ್ಬಿಟ್ರು. ಆಸ್ಪತ್ರೆಯೋರು ನನ್ನ ಕರೆದು ಕೇಳಿದ್ರು, ಮನೇಲಿ ಏನಾದ್ರೂ ತೊಂದ್ರೆ ಇದ್ಯಾ ಅಮ್ಮ ಅಂತ. ಟಿವಿ ಅಂದೆ. ಎಷ್ಟು ದಿನ ಟಿವಿ ಅನ್ಲಿ?"

ಕಾರ್ಯದರ್ಶಿಗಳು ಕೂಡ ಲಿಖಿತವಾಗಿ ಕೊಡಿ ಎನ್ನಲಿಲ್ಲ. ಮೇಷ್ಟ್ರಿಗೆ ಒಂದೇ ಹೊತ್ತಿನಲ್ಲಿ ಕೋಪವೂ ಬಂತು, ನಾಚಿಕೆಯೂ ಆಯಿತು. ಎರಡರಲ್ಲಿ ಯಾವುದನ್ನು ಮೊದಲು ಹೊರಗೆ ಬಿಡಬೇಕೆಂದು ತಿಳಿಯದೆ ಅವರು ಬೀರುವಿನ ಬಾಗಿಲನ್ನು ಮುಚ್ಚಿದರು. ಆಗ ಮೇಜಿನ ಮೇಲಿದ್ದ ಹಳೇ ಫೋನು ಹೊಡೆದುಕೊಂಡಿತು. ಮಾಲೀಕರು.

"ಮೇಷ್ಟ್ರೇ, ಎಲ್ಲಾರೂ ಬಂದು ಕೂತಿದ್ದಾರೆ. ಎಲ್ಲಿದ್ದೀರಿ? ನಮ್ಮ ಭಾವಮೈದುನನೂ ಪಕ್ಕದಲ್ಲೇ ರೆಡಿಯಾಗಿ ಕೂತಿದ್ದಾನೆ."

ಮೇಷ್ಟ್ರು ಓಡಿ ಕುರ್ಚಿಯಲ್ಲಿ ಕೂತು ಪಾಠದ ಕೊಂಡಿ ಒತ್ತಿದರು. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಅವರು ಹೆಂಡತಿಯ ಕಡೆ ನೋಡಿದರು. ಜೋರಿನ ಸಿಗ್ನಲ್ಲಿನ ಪಾಸ್‌ವರ್ಡ್ ಅವಳಿಗೊಬ್ಬಳಿಗೇ ಗೊತ್ತು.

"ಹಾಕ್ಕೊಡೇ" ಎಂದರು. ಆಮೇಲೆ ತಡವರಿಸಿ, "ಹಾಕ್ಕೊಡ್ತೀಯಾ?" ಎಂದರು.

ಹೆಂಡತಿ ಬಗ್ಗಿ, ಸಿಡುಕಪ್ಪನ ಹೆಸರು ಒತ್ತಿ, ಪಾಸ್‌ವರ್ಡ್ ಟೈಪ್ ಮಾಡಿದಳು. ಆಮೇಲೆ ಶೆಲ್ಫಿನ ಹತ್ತಿರ ಹೋಗಿ ವೈಫೈ ಬಾಕ್ಸಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಳು. "ಒಂದು ಸಲ ಕೂಗಿ ನೋಡಿ. ಒಂದೇ ಸಲ. ಇದನ್ನ ಆರಿಸ್ತೀನಿ. ಕ್ಲಾಸು ಯಾರಿಗೆ ಹೋದ್ರೂ ನಂಗೇನೂ ಇಲ್ಲ."

ಅವಳು ಸುಮ್ಮನೆ ಹೇಳುತ್ತಿಲ್ಲ ಎಂದು ಮೇಷ್ಟ್ರಿಗೆ ಅವಳ ಕಣ್ಣು ನೋಡಿಯೇ ತಿಳಿಯಿತು.

ಪರದೆ ಒಮ್ಮೆಲೇ ಬೆಳಗಿತು. ಹೊಸ ಬ್ಯಾಚಿನವರ ಮುಖಗಳು ಸಾಲಾಗಿ ಮೂಡಿದವು. ಅವರ ಗೋಡೆಯ ಮೇಲಿನ ಗಡಿಯಾರದ ಮುಳ್ಳು ಕೂಡ ಕಾಣುವಷ್ಟು ಸ್ಪಷ್ಟ. ಒಂದು ಮೂಲೆಯಲ್ಲಿ ಮಾಲೀಕರು, ಅವರ ಹೆಗಲ ಹಿಂದೆ ಭಾವಮೈದುನನ ತಲೆ. ಇತ್ತ ಕ್ಯಾಮೆರಾಕ್ಕೆ ಕಾಣದ ಹಾಗೆ ಗೋಡೆಗೆ ಒರಗಿ ನಿಂತ ಇಡೀ ಕಟ್ಟಡ. ಮೇಷ್ಟ್ರು ನೆಟ್ಟಗೆ ಕೂತು, "ವಿದ್ಯಾರ್ಥಿಗಳೇ" ಎಂದರು. ಪಾಠ ನೀರು ಹರಿದ ಹಾಗೆ ಸಾಗಿತು. ಎಡತಿರುವು, ಬಲತಿರುವು, ಕೆಂಪು ದೀಪ, ಹಸಿರು ದೀಪ, ಎಲ್ಲೂ ತಡೆಯಿಲ್ಲ. ಮಾಲೀಕರು ತಲೆದೂಗಿದರು. ಭಾವಮೈದುನನ ಮುಖ ಸಣ್ಣಗಾಯಿತು.

"ಈಗ ಹೇಳಿ, ಒಬ್ರು ವಯಸ್ಸಾದ ಅಜ್ಜಿ ಕೋಲು ಹಿಡ್ಕೊಂಡು ಜೀಬ್ರಾ ಪಟ್ಟೆ ಮೇಲೆ ರಸ್ತೆ ದಾಟ್ತಿದಾರೆ. ನೀವು ಗಾಡೀಲಿ ಬರ್ತಿದ್ದೀರಿ. ಏನ್ ಮಾಡ್ತೀರಿ?"

ಪರದೆಯ ಮೇಲಿನ ಸಾಲಿನ ಯುವಕನೊಬ್ಬ ಉತ್ಸಾಹದಿಂದ ಕೈಯೆತ್ತಿದ.

"ಜೋರಾಗಿ ಹಾರ್ನ್ ಹೊಡೀತೀನಿ ಸಾರ್."

"ಆಮೇಲೆ?"

"ಅಜ್ಜಿ ಓಡ್ತಾರೆ ಸಾರ್."

ಮೇಷ್ಟ್ರ ಬಾಯಿ ತೆರೆಯಿತು. ಕತ್ತಿನ ನರ ಉಬ್ಬಿತು. ಕಿವಿ ಕೆಂಪಾಯಿತು. ಹೊಟ್ಟೆಯಿಂದ ಎದ್ದ ಬೈಗುಳ ಎದೆ ದಾಟಿ, ಗಂಟಲಿಗೆ ಬಂದು, ನಾಲಗೆಯ ಮೇಲೆ ಕಾಲಿಟ್ಟಿತು. ಗೋಡೆಗೆ ಒರಗಿದ್ದವರೆಲ್ಲ ಉಸಿರು ಬಿಗಿಹಿಡಿದರು. ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡರು. ಶೆಲ್ಫಿನ ಹತ್ತಿರ ಹೆಂಡತಿಯ ಬೆರಳು ಸ್ವಿಚ್ಚಿನ ಮೇಲೆ ಬಿಗಿಯಾಯಿತು. ಮೇಷ್ಟ್ರು ಆ ಬೆರಳನ್ನು ಓರೆಗಣ್ಣಿನಲ್ಲಿ ನೋಡಿದರು, ಮತ್ತು ತೆರೆದ ಬಾಯಿ ತೆರೆದಂತೆಯೇ ನಿಂತುಬಿಟ್ಟರು. ರೆಪ್ಪೆ ಅಲುಗಲಿಲ್ಲ. ತುಟಿ ಅಲುಗಲಿಲ್ಲ.

ಪರದೆಯ ಆಚೆ ಗುಸುಗುಸು ಶುರುವಾಯಿತು.

"ಹ್ಯಾಂಗ್ ಆಯ್ತು!" ಎಂದು ಮಾಲೀಕರು ಕೂಗಿದರು. "ಮೇಷ್ಟ್ರೇ! ಕೇಳಿಸ್ತಿದ್ಯಾ? ನೋಡಿದ್ರಾ, ಮತ್ತೆ ನಿಂತೋಯ್ತು! ನಾನು ಹೇಳಿರ್ಲಿಲ್ವಾ?" ಭಾವಮೈದುನ ಆಗಲೇ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದ.

ಮೇಷ್ಟ್ರ ಸಂಕಟ ಯಾರಿಗೂ ಬೇಡ. ಹ್ಯಾಂಗ್ ಆಗಿಲ್ಲ ಎಂದು ತೋರಿಸಲು ಬಾಯಿ ಅಲುಗಿಸಬೇಕು. ಬಾಯಿ ಅಲುಗಿಸಿದರೆ ಅಲ್ಲಿ ನಿಂತಿರುವುದು ಹೊರಗೆ ಬೀಳುತ್ತದೆ. ಅವರ ಕಣ್ಣಂಚಿನಲ್ಲಿ ನೀರು ತುಂಬಿತು. ಅದನ್ನು ಕಂಡ ಹೆಂಡತಿ ಸ್ವಿಚ್ಚಿನಿಂದ ಬೆರಳು ತೆಗೆದು, ನಡೆದು ಬಂದು, ಗಂಡನ ಹಿಂದಿನಿಂದ ಕ್ಯಾಮೆರಾಕ್ಕೆ ಬಗ್ಗಿದಳು.

"ಹ್ಯಾಂಗ್ ಆಗಿಲ್ಲ ಸಾರ್. ಕೋಪ ನುಂಗ್ತಿದ್ದಾರೆ. ಮೊದಲನೇ ಸಲ ನೋಡಿ, ಸ್ವಲ್ಪ ಹೊತ್ತು ಹಿಡಿಯುತ್ತೆ."

ಮಾಲೀಕರು ಕಾದರು. ಹೊಸ ಬ್ಯಾಚು ಕಾಯಿತು. ಮೇಷ್ಟ್ರ ಗಂಟಲಮಣಿ ಒಮ್ಮೆ ಮೇಲೇರಿ ನಿಧಾನವಾಗಿ ಕೆಳಗಿಳಿಯಿತು. ಆಮೇಲೆ ಅವರ ಬಾಯಿಂದ ಒಂದು ದನಿ ಬಂತು. ಕಟ್ಟಡದವರಾಗಲಿ, ಶಾಲೆಯವರಾಗಲಿ, ಅವರ ಹೆಂಡತಿಯಾಗಲಿ ಅಂಥ ದನಿಯನ್ನು ಅವರಿಂದ ಕೇಳಿರಲಿಲ್ಲ.

"ಹಾರ್ನ್ ಹೊಡೀಬಾರ್ದಪ್ಪ. ಅಜ್ಜಿ ದಾಟೋವರೆಗೂ ಕಾಯ್ಬೇಕು."

ಮಾಲೀಕರು ಪರದೆಗೆ ಕಿವಿ ತಂದರು. "ನೆಟ್ ಚೆನ್ನಾಗಿದೆ ಮೇಷ್ಟ್ರೇ, ಕ್ಲಾಸು ನಿಮ್ದೇ. ಆದ್ರೆ ಸ್ವಲ್ಪ ಜೋರಾಗಿ ಹೇಳಿ ರೀ, ಏನೂ ಕೇಳಿಸ್ತಿಲ್ಲ."